ನೋಡದೆ ಕಾಪಾಡಿದ ಕ್ಯಾಸೆಟ್ಟು

ಕುಂದಾಪುರದಲ್ಲಿ ನಮ್ಮ ಮೊದಲ ಮಳೆಗಾಲ, ೧೯೯೭. ಟ್ರಂಕಿನಿಂದ ನಮ್ಮ ಮದುವೆಯ ವಿಡಿಯೊ ಕ್ಯಾಸೆಟ್ಟು ತೆಗೆದು ನೋಡಿದರೆ ಕರಿಯ ಟೇಪಿನ ಮೇಲೆ ಬಿಳಿ ಹತ್ತಿಯಂಥದ್ದೇನೋ ಬೆಳೆದಿತ್ತು. ನಾನು ಬಾದಾಮಿ ಕಡೆಯವಳು. ನಮ್ಮಲ್ಲಿ ವಸ್ತುಗಳಿಗೆ ಧೂಳು ಹಿಡಿಯುತ್ತದೆ, ಬಣ್ಣ ಹೋಗುತ್ತದೆ, ಬಿರುಕು ಬೀಳುತ್ತದೆ. ಅವುಗಳ ಮೇಲೆ ಏನಾದರೂ ಬೆಳೆಯುವುದನ್ನು ನಾನು ಕಂಡಿರಲಿಲ್ಲ.

"ಬೂಸ್ರ್ ಹಿಡ್ದಿತ್ತ್" ಎಂದರು ಪಕ್ಕದ ಮನೆಯ ಗಿರಿಜಕ್ಕ, ಮಳೆ ಬಂತು ಎಂದಷ್ಟೇ ಸಹಜವಾಗಿ. ನಾವು ಬೂಷ್ಟು ಅನ್ನುವುದನ್ನೇ ಇಲ್ಲಿಯವರು ಬೂಸ್ರ್ ಅನ್ನುತ್ತಾರೆ. ನನ್ನ ಗಂಡ ಕ್ಯಾಸೆಟ್ಟಿನ ತಿರುಪು ಬಿಚ್ಚಿ, ಹತ್ತಿಯಲ್ಲಿ ಒರೆಸಿ ಹಾಕಿ ನೋಡಿದರು. ಪರದೆಯ ತುಂಬ ಬಿಳಿ ಗೆರೆಗಳು. ನನ್ನ ಅವ್ವ ಆ ಮದುವೆಯಾದ ಮುಂದಿನ ವರ್ಷವೇ ತೀರಿಕೊಂಡಿದ್ದಳು. ಅವಳು ನಡೆದಾಡಿದ್ದು ಉಳಿದಿದ್ದುದು ಅದೊಂದರಲ್ಲೇ. ಆ ದಿನ ನಾನು ಅಡುಗೆ ಮಾಡಲಿಲ್ಲ.

ನನ್ನ ಗಂಡನಿಗೆ ಇಲ್ಲಿನ ಒಂದು ಸ್ಟುಡಿಯೊದಲ್ಲಿ ಕೆಲಸ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆ, ಗೃಹಪ್ರವೇಶ ಎಂದು ಕ್ಯಾಮೆರಾ ಹೊತ್ತು ಹೋದರೆ ಸಂಜೆಗೇ ಬರುವುದು. ಹೊಳೆ ಬದಿಯ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ರೊಟ್ಟಿಗೆ ಜೋಳದ ಹಿಟ್ಟು ಹುಡುಕಿ ಸೋತು ಕುಚಲಕ್ಕಿ ಗಂಜಿಗೆ ಒಗ್ಗಿಕೊಂಡೆ. ಮಾತು ಮಾತ್ರ ಬೇಗ ಒಗ್ಗಲಿಲ್ಲ. ಕನ್ನಡವೇ ಹೌದು, ಆದರೆ ಅರ್ಧ ನುಂಗಿದ ಕನ್ನಡ. ನೋಡುವುದಕ್ಕೆ ಇಲ್ಲಿ 'ಕಾಂಬುದು', ಇದೆ ಎನ್ನಲು 'ಇತ್ತ್', ಚೆನ್ನಾಗಿ ಎನ್ನಲು 'ಸಮಾ'. ನಾನು ಬಾಯಿ ತೆರೆದರೆ ಮೀನಿನವಳೂ ತಿರುಗಿ ನೋಡಿ, ಘಟ್ಟದ ಮೇಲಿನವ್ರಾ ಎಂದು ಕೇಳುತ್ತಿದ್ದಳು. ಬಯಲುಸೀಮೆಯವರಿಗೆಲ್ಲ ಇಲ್ಲಿ ಅದೊಂದೇ ಹೆಸರು.

ಸ್ಟುಡಿಯೊದಲ್ಲಿ ಜಾಗವಿಲ್ಲದೆ ಮೂಲ ಕ್ಯಾಸೆಟ್ಟುಗಳೆಲ್ಲ ನಮ್ಮ ಮನೆಗೆ ಬಂದವು. ಅವನ್ನು ನೋಡಿಕೊಳ್ಳುವುದು ನನ್ನ ಕೆಲಸವಾಯಿತು. ಅವ್ವನನ್ನು ಕಳೆದುಕೊಂಡ ಹಾಗೆ ಇನ್ನೊಬ್ಬರದನ್ನು ಕಳೆಯಬಾರದು ಎಂಬ ಹಟ. ಕಪಾಟಿನ ಕೆಳಗಿನ ಅರೆಯಲ್ಲಿ ಮಳೆಗಾಲವಿಡೀ ಸಣ್ಣ ಬಲ್ಬು ಉರಿಸಿದೆ. ತೇವ ಹೀರಲು ಹುರಿದ ಅಕ್ಕಿಯ ಗಂಟು ಇಟ್ಟೆ. ಅದನ್ನು ಹೇಳಿಕೊಟ್ಟವರು ಗಿರಿಜಕ್ಕ. ಬಿಸಿಲು ಬಂದ ಮೇಲೆ ಒಂದೊಂದನ್ನೂ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸುತ್ತಿದ್ದೆ.

ನಾವು ಬಂದು ಕೆಲವು ವರ್ಷಗಳಾದ ಮೇಲೆ ಗಿರಿಜಕ್ಕನ ಗಂಡ ಮೀನಿಗೆ ಹೋದವರು ಬರಲಿಲ್ಲ. ದೋಣಿ ಮಗುಚಿತ್ತು. ಜತೆಗಿದ್ದವರು ಈಜಿ ದಡ ಸೇರಿದರು. ಇವರ ದೇಹವೂ ಸಿಗಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಗಿರಿಜಕ್ಕ ಸೆರಗಿನಲ್ಲಿ ಸುತ್ತಿದ ಕ್ಯಾಸೆಟ್ಟು ತಂದರು. ಬಿಜೂರಿನಲ್ಲಿ ಅವರ ತಮ್ಮನ ಗೃಹಪ್ರವೇಶ, ಅವರ ಗಂಡನೂ ಹೋಗಿದ್ದದ್ದು, ನನ್ನ ಗಂಡನೇ ತೆಗೆದದ್ದು.

"ನಂಗೆ ಕಾಂಬುಕೆ ಆತಿಲ್ಲೆ" ಎಂದರು. "ಆರೆ ಹಾಳಾಪುಕಾಗ. ನಿಮ್ಮತ್ರ ಇರ್ಲಿ."

ನೋಡಲು ಆಗದು, ಹಾಳಾಗಲೂ ಬಾರದು. ಅದಕ್ಕೆ ಕಪಾಟಿನ ಒಳ್ಳೆಯ ಜಾಗ ಕೊಟ್ಟೆ. ಪ್ರತಿ ಬೇಸಗೆಯಲ್ಲೂ ಟಿವಿ ಹಾಕದೆ, ಬರೀ ಪ್ಲೇಯರಿನಲ್ಲಿ ಓಡಿಸಿ ಸುತ್ತಿಡುತ್ತಿದ್ದೆ. ಅವರು ನೋಡದ್ದನ್ನು ನಾನು ನೋಡುವುದು ಸರಿಯಲ್ಲ ಅನ್ನಿಸುತ್ತಿತ್ತು. ಗಿರಿಜಕ್ಕ ಮಳೆ ಹಿಡಿದಾಗೊಮ್ಮೆ ಬಂದು, ಅದು ಹೇಗಿದೆ ಎಂದು ಕೇಳುವರು, ಕಾಯಿಲೆಯವರನ್ನು ವಿಚಾರಿಸುವ ಹಾಗೆ.

ಎರಡು ಸಾವಿರದ ಹತ್ತರ ಹೊತ್ತಿಗೆ ಕ್ಯಾಸೆಟ್ಟಿನ ಕಾಲ ಮುಗಿದಿತ್ತು. ನಮ್ಮ ಪ್ಲೇಯರು ಟೇಪು ಅಗಿಯಲು ಶುರುಮಾಡಿತು. ರಿಪೇರಿಯವರು ಬಿಡಿಭಾಗ ಸಿಗುವುದಿಲ್ಲ ಎಂದರು. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಲೇಬೇಕಿತ್ತು. ಇಳಿಸುವಾಗ ಒಬ್ಬರು ಕಣ್ಣಿಟ್ಟು ಕೂರಬೇಕು, ಟೇಪು ಸಿಕ್ಕಿಕೊಂಡರೆ ಕೂಡಲೇ ನಿಲ್ಲಿಸಲು. ಹಾಗೆಂದು ಗಿರಿಜಕ್ಕನಿಗೆ ಹೇಳಿದೆ. ನೀವೇ ನೋಡಿ ಎಂದು ಅವರು ನಮ್ಮ ಮನೆಯ ಹೊರಜಗಲಿಯಲ್ಲಿ ಬೆನ್ನು ಹಾಕಿ ಕುಳಿತರು. ಒಳಗೆ ನಾನು ಶಬ್ದ ಹೊರಗೆ ಕೇಳದಂತೆ ಕಿವಿಗೆ ಹೆಡ್‌ಫೋನು ಹಾಕಿಕೊಂಡೆ.

ಹೋಮದ ಹೊಗೆ, ನೆಂಟರು, ಮಕ್ಕಳು. ನಡುನಡುವೆ ಚಿತ್ರ ಹರಿದು ಮತ್ತೆ ಕೂಡುತ್ತಿತ್ತು. ಗಿರಿಜಕ್ಕನ ಗಂಡ ಎಲ್ಲೂ ಇಲ್ಲ. ಅವರು ಅಂದು ಕ್ಯಾಮೆರಾಕ್ಕೆ ಬೀಳಲೇ ಇಲ್ಲವೇನೋ ಎಂದು ಹೆದರಿದೆ. ಕೊನೆಗೆ ಊಟದ ಪಂಕ್ತಿಯಲ್ಲಿ, ಟವೆಲು ಸುತ್ತಿಕೊಂಡು ಸಾರಿನ ಬಕೆಟ್ಟು ಹಿಡಿದು ಬಂದರು. ಬಾಗಿ ಯಾರಿಗೋ ಬಡಿಸಿದರು, ತಲೆಯೆತ್ತಿ ಒಂದು ಮಾತಾಡಿದರು, ಮುಂದೆ ಸರಿದರು. ಅಷ್ಟೇ.

ಹೊರಗೆ ಬಂದೆ. ಗಿರಿಜಕ್ಕ ತಿರುಗದೆಯೇ ಕೇಳಿದರು: "ಅದ್ರಂಗೆ ಅವ್ರ್ ಎಂತಾರೂ ಮಾತಾಡಿರಾ?"

ಅದರಲ್ಲಿ ಒಂದು ಮಾತಿದೆ ಎಂದೆ. ಎಂತ ಎಂದರು. ಗ್ರಂಥದ ಕನ್ನಡದಲ್ಲಿ ಹೇಳಿದರೆ ಅದು ಅವರ ಮಾತಾಗುತ್ತಿರಲಿಲ್ಲ. ಕಿವಿಯಲ್ಲಿ ಇನ್ನೂ ಇದ್ದ ದನಿಯಂತೆಯೇ ಹೇಳಿದೆ: "ಹ್ವಾಯ್, ಸಮಾ ಉಣ್ಣಿ. ಇನ್ನೂ ಇತ್ತ್."

ಗಿರಿಜಕ್ಕ ಮತ್ತೊಮ್ಮೆ ಹೇಳಿ ಎಂದರು. ಹೇಳಿದೆ. ಆಮೇಲೆ ಎದ್ದು ಒಳಗೆ ಬಂದು, ಕುರ್ಚಿ ಎಳೆದುಕೊಂಡು, ಹಾಕಿ ಎಂದರು. ಹಾಕಿಕೊಟ್ಟು ನಾನು ಅಡುಗೆಮನೆಗೆ ಹೋದೆ.

ಮುಂದಿನ ವಾರ ನಾನು ಬಾದಾಮಿಗೆ ಹೊರಟಾಗ ಗಿರಿಜಕ್ಕ ಅದರ ಒಂದು ಸಿಡಿ ಪ್ರತಿಯನ್ನು ಜತೆಗೆ ಕಳಿಸಿದರು. ಕಡಲ ಗಾಳಿ ತಾಗದ ಊರಿನಲ್ಲಿ ಒಂದಿದ್ದರೆ ಧೈರ್ಯ ಎಂದರು. ಅಣ್ಣನ ಮನೆಯ ಗೋಡೆ ಕಪಾಟಿನಲ್ಲಿ, ಹೊಲದ ಕಾಗದಗಳ ಪಕ್ಕ ಅದನ್ನಿಟ್ಟೆ. ಯಾರ ಮನೆಯದು ಎಂದು ಅಣ್ಣ ಕೇಳಿದ. ನಮ್ಮವರದು ಎಂದೆ. ನಾಡಿದ್ದು ಊರಿಗೆ ಹೋಗಬೇಕು, ಬಸ್ಸಿಗೆ ಹೇಳಿಡು ಎಂದೂ ಸೇರಿಸಿದೆ.

ಅವನು ಚಹದ ಕಪ್ಪು ಕೆಳಗಿಟ್ಟ. "ಊರಿಗೆ ಅಂದ್ರ? ಊರು ಇದಲ್ಲೇನವಾ?"

ಎರಡೂ ಎನ್ನಲು ಹೊರಟೆ. ಆದರೆ, ಚಹ ಆರುತ್ತದೆ, ಕುಡಿ ಎಂದೆ.