ಕಾಲು ಹಿಡಿದ ಅಕ್ಕೋರು

ನಮ್ಮ ಬೇಡಕಿಹಾಳ ಸಾಲಿ ಸಪನಾ ಅಕ್ಕೋರು ಉಗಾರ ಬುದ್ರುಕದೋರು. ಕಬ್ಬು ಕಡಿಯೋರ ಮಗಳು. ಸಣ್ಣಾಕಿದ್ದಾಗ ಬೆಂಚಿನ ಮ್ಯಾಲೆ ಕುಂತ್ರ ಗದ್ದ ಡೆಸ್ಕಿಗೆ ಬಡೀತಿತ್ತಂತ, ಅದಕ್ಕ ನಿಂತಕೊಂಡ ಬರೀತಿದ್ರಂತ. ಮಾಸ್ತರು ಬೈದ್ರೂ ಕುಂಡ್ರಲಿಲ್ಲಂತ. ಆ ಹಟ ಈಗೂ ಐತಿ. ಆಳು ನೋಡಿದ್ರ ಹಿಡಿಯಷ್ಟ, ಮಾತು ಮಾತ್ರ ಕುಡಗೋಲು.

ನನ್ನ ಮಗಳು ಸ್ನೇಹಲ ಎರಡನೇ ಇಯತ್ತೆ. ಗಿಡ್ಡ ಹುಡುಗಿ. ಬೆಂಚ್ ಎತ್ತರ, ಕಾಲು ದಿನಾ ಪೂರ್ತಿ ಜೋತಾಡ್ತಿದ್ದೂ. ಒಂದಿನ ಗಂಟಿ ಹೊಡೀತಂತ ಇಳದಾಳ, ಕಾಲು ಜೋಮು ಹಿಡದಾವ, ಧಪ್ಪಂತ ಬಿದ್ದು ಗದ್ದ ಒಡಕೊಂಡ್ಲು. "ಅವ್ವಾ, ನಾ ಸಾಲಿಗೆ ಹೋಗಂಗಿಲ್ಲ" ಅಂತ ಕುಂತಬಿಟ್ಲು. ನಾನಂತೂ ಕಲೀಲಿಲ್ಲ, ಇಕೀನೂ ಬಿಟ್ರ ಹೆಂಗ?

ಆಗ ಸಾಲಿಗೆ ಹೊಸಾ ಬೆಂಚ್ ಬರೂದಿತ್ತು. ಸಾಲಿ ಕಮಿಟಿ ಅಧ್ಯಕ್ಷ ಮುರಗೆಪ್ಪ, "ಎಲ್ಲಾ ಒಂದ ಎತ್ತರ ಇರ್ಲಿ, ಸಾಲಾಗಿ ಚಂದ ಕಾಣ್ತಾವ" ಅಂದ. ಚಂದಂತ ಚಂದ! ಬೆಂಚಿಗೆ ಏನ್ ಗಂಡಿನ ಕಡೆಯವರು ಬರ್ತಾರೇನು?

ಅಕ್ಕೋರು ಟೇಲರ್ ಟೇಪ್ ತಂದ್ರು. ನೆಲಕ್ಕ ಕುಂತು ಒಬ್ಬೊಬ್ಬರ ಕಾಲು ಹಿಡದು, ಹಿಮ್ಮಡದಿಂದ ಮಣಕಾಲ ತನಕಾ ಅಳದ್ರು. "ಹುಡುಗೂರ ಅಳತಿಗೆ ಬೆಂಚ್ ಮಾಡಸ್ಬೇಕು. ಬೆಂಚಿನ ಅಳತಿಗೆ ಹುಡುಗೂರು ಬೆಳೀತಾವೇನು?" ಅಂದ್ರು.

ಮುರಗೆಪ್ಪಗ ಸಿಟ್ಟ ನೆತ್ತಿಗೇರ್ತು. ಮೀಟಿಂಗ್ ಕರದ, ತಾಯಿ ತಂದಿ ಎಲ್ಲಾರ ಮುಂದ ಶುರು ಮಾಡಿದ: "ಗುರು ಆದಾಕಿ ಹುಡುಗೂರ ಕಾಲು ಹಿಡದ್ರ ಆ ಪಾಪ ಹುಡುಗೂರಿಗೆ ಹತ್ತತೈತಿ. ಮಾಫಿ ಕೇಳ್ರಿ, ಇಲ್ಲಾ ವರ್ಗಾ ಮಾಡಸ್ತೀನಿ."

ಅಕ್ಕೋರು ಎದ್ದು ನಿಂತ್ರು. "ಹುಡುಗೂರ ಕಾಲು ಹಿಡದೀನ್ರಿ. ನಾಳೆನೂ ಹಿಡಿತೀನಿ. ನಿಮ್ಮ ಕಾಲು ಮಾತ್ರ ಹಿಡಿಯಂಗಿಲ್ಲ."

ನನಗ ತಡಕೊಳ್ಳಾಕ ಆಗಲಿಲ್ಲ. "ಮುರಗೆಪ್ಪಣ್ಣಾ, ನಿನ್ನ ಕುರ್ಚಿ ಟೇಬಲ್ ಮ್ಯಾಲೆ ಇಡ್ತೀವಿ, ಸಂಜೀತನಕಾ ಕಾಲು ಜೋತಬಿಟ್ಟ ಕುಂಡ್ರು. ಆಮ್ಯಾಲೆ ಪಾಪದ ಮಾತಾಡು!" ಅಂದೆ. ಹೆಣ್ಮಕ್ಕಳು ಹೋ ಅಂತ ನಕ್ರು. ಒಬ್ಬೊಬ್ಬರ ಎದ್ದು, "ನನ್ನ ಮಗನ ಅಳತಿನೂ ಸರಿ ನೋಡ್ಕೋರಿ ಅಕ್ಕೋರ" ಅನ್ನಾಕ ಹತ್ತಿದ್ರು. ಮುರಗೆಪ್ಪ ಮುಖಾ ಗಂಟ ಹಾಕ್ಕೊಂಡು ಒಪ್ಪಿದ.

ಸಣ್ಣೂ ದೊಡ್ಡೂ ಬೆಂಚ್ ಬಂದೂ. ಸ್ನೇಹಲನ್ನ ಎತಗೊಂಡ ಹೋಗಿ ನಾನ ಕುಂಡ್ರಿಸಿದೆ. ಕಾಲು ನೆಲಕ್ಕ ಹತ್ತಿದೂ! ಹುಡುಗಿಗೆ ಏನ್ ಖುಷಿ ಅಂತೀರಿ, ಎರಡೂ ಕಾಲಿಲೆ ನೆಲಾ ಧಪಾ ಧಪಾ ಬಡದ್ಲು. ಬಾಗಲದಾಗ ನಿಂತಿದ್ದ ಮುರಗೆಪ್ಪ, "ಏ ಹುಡುಗಿ, ಗದ್ಲಾ ಮಾಡಬ್ಯಾಡ" ಅಂದ.

ಅಕ್ಕೋರು ಅವನ ಕಡೆ ನೋಡಲೂ ಇಲ್ಲ.

"ಬಡಿ ಸ್ನೇಹಲ," ಅಂದ್ರು, "ಇನ್ನೊಮ್ಮೆ ಬಡಿ."