ಹಗೇವಿನ ಹೊಳೆಯಪ್ಪ ಮತ್ತು ಇಥಿಯೋಪಿಯಾಕ್ಕೆ ಹೊರಟ ಎಂಟು ಮಂದಿ

ಪುಟ್ಟಿಯಲ್ಲಿಟ್ಟು ಇಳಿಬಿಟ್ಟ ಹಣತೆ ಮೂರು ಮೊಳ ಇಳಿಯುವಷ್ಟರಲ್ಲಿ ಆರಿಹೋಯಿತು.

ತಿರ್ಲಾಪುರದ ಕುಬೇರಪ್ಪನ ಹಿತ್ತಿಲಲ್ಲಿ ಹಗೇವಿನ ಬಾಯಿ ತೆರೆದು ಒಂದು ದಿನವಾಗಿತ್ತು. ಸುಗ್ಗಿಯಲ್ಲಿ ಜೋಳ ತುಂಬಿ, ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದ್ದ ನೆಲದೊಳಗಿನ ಕಣಜ ಅದು. ಕುಬೇರಪ್ಪನ ಸೊಸೆ ಗುರವ್ವ ಹಗ್ಗ ಎಳೆದುಕೊಂಡು, "ಹಗೇವಿನ ಅವ್ವನ ಅಪ್ಪಣಿ ಇನ್ನೂ ಆಗಿಲ್ಲ್ರಿ ಮಾವಾರ, ನಾಳೆ ನೋಡೂಣು" ಎಂದಳು.

ಒಳಗಿಳಿದು ಜೋಳ ತುಂಬಿ ಕೊಡಬೇಕಾದವನು ಹೊಳೆಯಪ್ಪ. ಧೋತರ ಬಿಗಿದು ಕಟ್ಟಿ ತಯಾರಾಗಿ ನಿಂತಿದ್ದ. ಮೂವತ್ತು ವರ್ಷಗಳಲ್ಲಿ ಹಣತೆ ಹೀಗೆ ಆರಿದ್ದನ್ನು ಅವನು ನೂರು ಸಲ ನೋಡಿದ್ದ. ಆರಿದರೆ ಮನೆಗೆ ಹೋಗುವುದು, ಮರುದಿನ ಬರುವುದು, ಅಷ್ಟೇ. ಇವತ್ತು ಮಾತ್ರ ಅವನ ಕಾಲು ಅಲ್ಲೇ ಹೂತಂತಾಯಿತು.

"ಏನೋ ಹೊಳ್ಯಾ, ದೆವ್ವ ಕಂಡವರಂಗ ನಿಂತಿಯಲ್ಲ?" ಕುಬೇರಪ್ಪ ಕೇಳಿದ.

"ಎಂಟು ಮಂದಿ ಸಾಯ್ತಾರ್ರಿ ಧಣ್ಯಾರ."

"ಯಾರಲೇ?"

"ಆ ಹುಬ್ಬಳ್ಳಿ ಚರ್ಚಿನ ಹುಡುಗುರು. ಪೂಜಿ ಬ್ಯಾಡಂದ್ರ ಬಿಡ್ರಿ, ಕಲ್ಲು ಎತ್ತಿ ಸೀದಾ ಇಳೀರಿ ಅಂತ ನಾನs ಹೇಳೇನಿ."

ಹೊಳೆಯಪ್ಪ ಎರಡನೇ ಇಯತ್ತೆ ದಾಟಿದವನಲ್ಲ. ಪಾಟಿಯನ್ನು ಮಾಸ್ತರರ ಕಡೆ ಬೀಸಿ ಒಗೆದು ಶಾಲೆ ಬಿಟ್ಟ ಮಗನನ್ನು ಅಪ್ಪ ಮರುದಿನವೇ ಹಗೇವಿನ ಕೆಲಸಕ್ಕೆ ಕರೆದೊಯ್ದಿದ್ದ. ಎಲ್ಲಿ ಅಗೆದರೆ ನೀರು ಜಿನುಗುವುದಿಲ್ಲ, ಬಾಯಿ ಎಷ್ಟು ಸಣ್ಣದಿರಬೇಕು, ಹೊಟ್ಟೆ ಎಷ್ಟು ಅಗಲ ಕೊರೆಯಬೇಕು, ಒಳಗೆ ಎಷ್ಟು ಹೊತ್ತು ಬೆಂಕಿ ಹಾಕಿ ಗೋಡೆ ಒಣಗಿಸಬೇಕು, ಗೋಡೆಗೆ ಜೋಳದ ದಂಟಿನ ಕಣಿಕೆ ಹೇಗೆ ಒತ್ತಾಗಿ ಹೊದಿಸಬೇಕು, ಎಲ್ಲವೂ ಕೈಗೆ ಬಂದ ವಿದ್ಯೆ. ನವಲಗುಂದದಿಂದ ಯರಗುಪ್ಪಿಯವರೆಗೆ ಅವನ ಕೈಯ ಹಗೇವುಗಳಿದ್ದವು. ಕೈಯಷ್ಟೇ ನಾಲಿಗೆಯೂ ಜೋರು. ಸಿಟ್ಟು ಮೊದಲು ಬರುತ್ತಿತ್ತು, ಬುದ್ಧಿ ಊಟವಾದ ಮೇಲೆ.

ಹದಿನೈದು ದಿನದ ಹಿಂದೆ ಹುಬ್ಬಳ್ಳಿಯ ಒಂದು ಚರ್ಚಿನ ತರುಣರ ಸಂಘದವರು ಅವನನ್ನು ಹುಡುಕಿಕೊಂಡು ಬಂದಿದ್ದರು. ಆಫ್ರಿಕಾದ ಇಥಿಯೋಪಿಯಾದಲ್ಲಿ ಭಾರಿ ಬರ ಬಿದ್ದು, ಊರು ಬಿಟ್ಟವರು ಈಗ ಮರಳಿ ಬರುತ್ತಿದ್ದಾರೆ. ಅಲ್ಲಿಯೂ ಜೋಳ ಬೆಳೆಯುತ್ತಾರೆ, ನೆಲದೊಳಗೇ ಇಡುತ್ತಾರೆ. ಆ ಹಳೆಯ ಗುಂಡಿಗಳನ್ನು ತೆರೆದು ದುರಸ್ತಿ ಮಾಡಿಕೊಡಲು ನಾವು ಎಂಟು ಜನ ಹೋಗುತ್ತಿದ್ದೇವೆ, ಕಲಿಸಿಕೊಡಿ ಎಂದರು. ಅವರ ಮುಂದಾಳು ದೀನಮಣಿ ಎಂಬ ನರ್ಸು, ಇಪ್ಪತ್ತೈದರ ಹುಡುಗಿ. ನಾಲ್ಕು ದಿನ ಎಲ್ಲರೂ ಮೈಕೈ ಮಣ್ಣು ಮಾಡಿಕೊಂಡು ಕಲಿತರು. ಹೊಳೆಯಪ್ಪ ಬೈದ, ಅವರು ನಕ್ಕರು, ಅವನೂ ನಕ್ಕ.

ಕೊನೆಯ ದಿನ ಬಾಯಿ ತೆರೆಯುವ ಮಾತು ಬಂತು.

"ಅದು ಹೆಣ್ಮಕ್ಕಳ ಪೂಜಿ" ಎಂದ ಹೊಳೆಯಪ್ಪ. "ಒಂದಿನ ಮೊದಲs ಬಾಯಿ ತೆಗೀತಾರ, ಅವ್ವಗ ಕಾಯಿ ಒಡೀತಾರ, ಮರುದಿನ..."

"ಕಾಕಾ, ಸಿಟ್ಟಾಗಬ್ಯಾಡ್ರಿ" ಎಂದಳು ದೀನಮಣಿ. "ಪೂಜಿ ನಮ್ಮೊಳಗ ಇಲ್ಲ. ಅದೊಂದು ಬಿಟ್ಟು ಮುಂದಿಂದು ಹೇಳ್ರಿ."

ಸಿಟ್ಟಾಗಬೇಡಿ ಎಂದದ್ದಕ್ಕೇ ಅವನಿಗೆ ಸಿಟ್ಟು ನೆತ್ತಿಗೇರಿತು. "ಬ್ಯಾಡಂದ್ರ ಬಿಡ್ರಿ! ಕಲ್ಲು ಎತ್ರಿ, ಸೀದಾ ಇಳೀರಿ! ನಿಮ್ಮ ದೇವರು ನಿಮಗ ಏಣಿ ಹಿಡೀತಾನ!" ಎಂದು ಹೇಳಿ, ಸಲಿಕೆ ಹೆಗಲಿಗೇರಿಸಿ ಹೊರಟುಬಿಟ್ಟಿದ್ದ.

ಕುಬೇರಪ್ಪನ ಹಿತ್ತಿಲಲ್ಲಿ ನಿಂತಾಗ ಅವನಿಗೆ ಯರಗುಪ್ಪಿಯ ಅಣ್ಣತಮ್ಮಂದಿರು ನೆನಪಾದರು. ಅವಸರಕ್ಕೆ ಬಿದ್ದು ಪೂಜೆ ಬಿಟ್ಟು ಇಳಿದಿದ್ದರು. ಮೊದಲು ಅಣ್ಣ ಕುಸಿದ, ಎತ್ತಲು ಹೋದ ತಮ್ಮನೂ ಕುಸಿದ. ಅವ್ವ ಮುನಿದಳು ಎಂದಿತು ಊರು. ಅವ್ವ ಮುನಿದಳೋ, ಒಳಗಿನ ಗಾಳಿ ಕೆಟ್ಟಿತ್ತೋ, ಉಸಿರು ನಿಂತದ್ದಂತೂ ಖರೆ. ಹಣತೆಗೆ ಉಸಿರಿಲ್ಲದ ಕಡೆ ಮನುಷ್ಯನಿಗೆ ಎಲ್ಲಿಯದು? ಇಷ್ಟು ವರ್ಷ ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ತಾನೂ ವಿಚಾರ ಮಾಡಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ. ಪೂಜೆ ತಪ್ಪದ ಊರಿನಲ್ಲಿ ಬಾಯಿ ಒಂದು ದಿನ ತೆರೆದಿಡುವುದೂ ಹಣತೆ ಇಳಿಸಿ ನೋಡುವುದೂ ತಾನಾಗಿ ನಡೆದುಹೋಗುತ್ತಿದ್ದವು.

ಮನೆಗೆ ಬಂದು ಅಂಗಿ ಹಾಕಿಕೊಳ್ಳುವಾಗ ಹೆಂಡತಿ ಸಾವಂತ್ರೆವ್ವ, "ರೊಟ್ಟಿ ತಿಂದು ಹೋಗ್ರಿ" ಎಂದಳು.

"ಹುಡುಗುರು ವಿಮಾನ ಹತ್ತತಾವ, ನಿನಗ ರೊಟ್ಟಿ ಚಿಂತಿ!"

"ನನ್ನ ಮ್ಯಾಲ ಯಾಕ ಹರಿಹಾಯ್ತೀರಿ? ಅವತ್ತು ನಿಮ್ಮ ಬಾಯಿಗೆ ನಾ ಇಳೀರಿ ಅನ್ನು ಅಂತ ಹೇಳಿಕೊಟ್ಟಿದ್ನೇನು?"

ಟ್ರ್ಯಾಕ್ಟರು ಹತ್ತಿ ನವಲಗುಂದಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟ. ಬಸ್ಸು ನಿಂತಲ್ಲೆಲ್ಲ ಕಂಡಕ್ಟರನಿಗೆ, "ಇಲ್ಲೇನು ನಿಂದು ಬೀಗರ ಮನಿ ಐತೇನು?" ಎಂದು ಒದರಿದ.

ಚರ್ಚಿನ ಸಭಾಪಾಲಕರು ಸಮುವೇಲಪ್ಪ ಎಂಬ ಹಿರಿಯರು. ಹೊಳೆಯಪ್ಪ ಬಾಗಿಲಲ್ಲೇ ನಿಂತು ಅರ್ಧ ಒದರಿ, ಅರ್ಧ ಅಂಗಲಾಚಿ ಎಲ್ಲ ಹೇಳಿದ. ಅವರು ಕನ್ನಡಕ ತೆಗೆದರು.

"ಮುಂಬೈದಾಗ ಇದ್ದಾರಪ್ಪಾ. ನಾಳೆ ನಸುಕಿಗೆ ವಿಮಾನ. ಟ್ರಂಕ್ ಕಾಲ್ ಹಚ್ಚೂಣು. ನೀ ಮೊದಲ ಕೂಡು."

"ಕೂಡಾಕ ಆಗೂದಿಲ್ರಿ."

ಕಾಲ್ ಬುಕ್ ಮಾಡಿ ಮೂರು ತಾಸಾದರೂ ಫೋನು ಬಾಯಿ ಬಿಡಲಿಲ್ಲ. ಹೊಳೆಯಪ್ಪ ಅಂಗಳದಲ್ಲಿ ಎತ್ತು ಗಾಣ ಸುತ್ತುವಂತೆ ಸುತ್ತಿದ. ಒಮ್ಮೆ ಒಳಗೆ ಬಂದು ಫೋನನ್ನು ಕೆಕ್ಕರಿಸಿ ನೋಡಿದ. ಸಮುವೇಲಪ್ಪನವರು ಚಹಾ ತರಿಸಿದರೆ ಅದು ಕಟ್ಟೆಯ ಮೇಲೆ ಆರಿ, ಕೆನೆಗಟ್ಟಿತು. ದೀಪ ಹಚ್ಚುವ ಹೊತ್ತಿಗೆ ಫೋನಿನ ಗಂಟೆ ಹೊಡೆಯಿತು. ಸಭಾಪಾಲಕರು ದೀನಮಣಿಯೊಡನೆ ಎರಡು ಮಾತಾಡಿ ಫೋನನ್ನು ಅವನ ಕೈಗೆ ಕೊಟ್ಟರು.

"ತಂಗೀ! ಸೀದಾ ಇಳೀಬ್ಯಾಡ್ರಿ!"

"ಯಾರ್ರೀ? ಹೊಳೆಯಪ್ಪ ಕಾಕಾನ? ಎಲ್ಲಿ ಇಳೀಬಾರ್ದು?"

"ಹಗೇವಿನಾಗ! ನಾ ಅವತ್ತ ಪೂಜಿ ಅಂದಿದ್ನಲ್ಲ..."

"ಕಾಕಾ, ಆ ಮಾತು ಅವತ್ತs ಮುಗೀತಲ್ರಿ. ಮತ್ತ ಅದನ್ನs..."

"ಹಾಳಾಗಿ ಹೋಗ್ಲಿ ಪೂಜಿ!" ಎಂದು ಕಿರುಚಿದವನು ತಾನೇ ಬೆಚ್ಚಿ, ಇನ್ನೊಂದು ಕೈಯಿಂದ ಗಲ್ಲ ಬಡಿದುಕೊಂಡ. "ಕೇಳವಾ, ತಪ್ಪು ನಂದು. ಸಿಟ್ಟಿನಾಗ ಅಂದೆ. ಬಾಯಿ ತೆಗೆದು ಒಂದು ದಿನ ಬಿಡ್ರಿ. ಮುಚ್ಚಿದ ಹಗೇವು ಮನಶಾನ ನುಂಗತೈತಿ. ಬಿಡ್ತೇನಿ ಅನ್ನು!"

"ಬಿಡ್ತೀವ್ರಿ ಕಾಕಾ, ಖರೇನ ಬಿಡ್ತೀವಿ."

"ಮರುದಿನ ಮೊದಲ ಪಣತಿ..."

ಗೊರ್ ಎಂದು ಶಬ್ದ ಬಂದು ಲೈನು ಸತ್ತಿತು. ಹೊಳೆಯಪ್ಪ ಸತ್ತ ಫೋನಿಗೆ ಇನ್ನೂ ಎರಡು ಸಲ ಹಣತೆಯ ಮಾತು ಹೇಳಿದ. ಆಮೇಲೆ ಎಷ್ಟು ಪ್ರಯತ್ನಿಸಿದರೂ ಮುಂಬೈ ಸಿಗಲಿಲ್ಲ. ಸಮುವೇಲಪ್ಪನವರು ಮುಂಬೈಗೆ ತಂತಿ ಕೊಟ್ಟರು, ಇಥಿಯೋಪಿಯಾದ ವಿಳಾಸಕ್ಕೆ ಪತ್ರವನ್ನೂ ಬರೆದರು. "ತಂತಿ ಮುಟ್ಟೂದ್ರಾಗ ಅವರು ಹೊರಟಿರ್ತಾರೋ ಏನೋ. ಪತ್ರಕ್ಕ ಹದಿನೈದು ದಿನ" ಎಂದರು. ಸುಳ್ಳು ಸಮಾಧಾನ ಹೇಳುವ ಮನುಷ್ಯರಲ್ಲ.

ಊರಿಗೆ ಬಂದು ಕುಬೇರಪ್ಪನ ಹಗೇವಿಗೆ ಇಳಿದ. ಅವತ್ತು ಹಣತೆ ತಳದವರೆಗೂ ಉರಿದಿತ್ತು. ಆದರೂ ನಾಲ್ಕು ಪುಟ್ಟಿ ತುಂಬಿ ಕೊಡುವಷ್ಟರಲ್ಲಿ ಎರಡು ಸಲ ಮೇಲೆ ಹತ್ತಿ ಬಂದು ಗಾಳಿ ಕುಡಿದ. ಇಥಿಯೋಪಿಯಾದಲ್ಲಿ ಗುಂಡಿಗೆ ಇಳಿಯುತ್ತಿರುವ ದೀನಮಣಿಯ ಕಾಲು ಕಣ್ಣಮುಂದೆ ಬರುತ್ತಿತ್ತು. ಒಂದು ದಿನ ಸಾಕಾದೀತೇ? ವರ್ಷಗಟ್ಟಲೆ ಮುಚ್ಚಿದ ಹಗೇವು ಮೂರು ದಿನಕ್ಕೂ ಬಿಟ್ಟುಕೊಡುವುದಿಲ್ಲ. ಸಾವಂತ್ರೆವ್ವ ಯಮನೂರು ದರ್ಗಾಕ್ಕೆ ಸಕ್ಕರೆ ಹರಕೆ ಹೊತ್ತಳು. ಅವನು ಪೋಸ್ಟ್‌ಮನ್ ಅಬ್ದುಲ್‌ಸಾಬನ ಬೆನ್ನು ಹತ್ತಿದ.

"ಚೀಲ ತೋರ್ಸು."

"ನಿನ್ನೀನೂ ತೋರ್ಸೇನಿ. ಪತ್ರ ನಾ ಬರೀತೇನೇನೋ ಮಾರಾಯಾ?"

"ತಳದಾಗ ಕೈ ಹಾಕು. ಮೂಲ್ಯಾಗ ಸಿಕ್ಕೊಂಡಿರ್ತೈತಿ."

ಇಪ್ಪತ್ತಾರನೇ ದಿನ ಅಬ್ದುಲ್‌ಸಾಬ ಸೈಕಲ್ಲಿನ ಗಂಟೆ ಹೊಡೆಯುತ್ತ ಹೊಲಕ್ಕೇ ಬಂದ. ಬದುವಿನ ಮೇಲೆ ಕುಳಿತು ತಾನೇ ಓದಿದ. ದೀನಮಣಿ ಬರೆದಿದ್ದಳು:

"ಕಾಕಾ, ಎಂಟೂ ಜನ ಕ್ಷೇಮ. ಫೋನಿನಲ್ಲಿ ನಿಮ್ಮ ಕೊನೆಯ ಮಾತು ಕೇಳಿಸಲಿಲ್ಲ. ನೀವು ಹೇಳಿದ ಹಾಗೆ ಮೊದಲ ಗುಂಡಿಯ ಬಾಯಿ ತೆರೆದು ಒಂದು ದಿನ ಬಿಟ್ಟೆವು. ಮರುದಿನ ನಾನೇ ಏಣಿಗೆ ಕಾಲಿಟ್ಟೆ. ಈ ಊರಿಗೆ ಹಿಂದಿನ ದಿನವಷ್ಟೇ ಮರಳಿದ್ದ ಒಬ್ಬ ಮುದುಕಿ ಓಡಿ ಬಂದು ಜಡೆ ಹಿಡಿದೆಳೆದು ನನ್ನ ಕೆನ್ನೆಗೆ ಬಾರಿಸಿದಳು. ಹುಲ್ಲಿನ ಸೂಡು ಹೊತ್ತಿಸಿ ಒಳಗೆ ಒಗೆದಳು. ನಡುವೆಯೇ ಆರಿತು. ದಿನಾ ಒಂದೊಂದು ಒಗೆದಳು. ಐದನೇ ದಿನ ತಳದಲ್ಲಿ ಉರಿಯಿತು. ಈಗ ಆಕೆ ಹೇಳುತ್ತಾಳೆ, ನಾವು ಮಣ್ಣು ಹೊರುತ್ತೇವೆ."

ಹೊಳೆಯಪ್ಪ ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲೇ ಒಡೆದ.

"ಹೊಡೆದ್ಲಂತ?"

"ಹೂಂ, ಕೆನ್ನಿಗೆ."

"ಚಲೋ ಮಾಡಿದ್ಲು. ಆ ಏಟು ನನಗ ಬೀಳೂದಿತ್ತು." ಮುಖ ಒರೆಸಿಕೊಂಡ. ಮರುಗಳಿಗೆ ಧ್ವನಿ ಏರಿತು. "ಅಲ್ಲಲೇ, ಇಷ್ಟೆಲ್ಲ ಗೊತ್ತಿದ್ದಾಕಿಗೆ ಕಲಸಾಕ ಹೋದ್ರೇನು ಇವರು? ನಾಕು ದಿನ ನಾ ಗಂಟಲ ಹರಕೊಂಡದ್ದು ಇದಕ್ಕ?"

"ಹುಡುಗುರು ಬದುಕ್ಯಾವ, ನಿನಗ ಮಾನದ ಚಿಂತಿ" ಎಂದು ಅಬ್ದುಲ್‌ಸಾಬ ನಕ್ಕ.

"ಆಕಿ ಗ್ವಾಡಿಗೆ ಏನು ಮೆತ್ತತಾಳಂತ ಬರದಾಳೇನು?"

"ಇಲ್ಲ."

"ಕಣಿಕಿ ಹೊದಿಸ್ತಾಳೋ, ಬರೇ ಹೊಟ್ಟೋ?"

"ಇಲ್ಲಪಾ, ಇಷ್ಟs ಐತಿ."

ಹೊಳೆಯಪ್ಪ ಎದ್ದು ನಿಂತ, ಕುಳಿತ, ಮತ್ತೆ ಎದ್ದ. "ಕಾಗದ ತಗಿ. ಮುದುಕಿಗೆ ಬರಿ."

"ಆಕಿಗೇನು ಕನ್ನಡ ಬರ್ತೈತೇನಲೇ?"

"ದೀನಮಣಿ ಹೇಳ್ತಾಳ. ನೀ ಬರಿ: ಅವ್ವಾ, ನಿನ್ನ ಜೋಳ ಎಷ್ಟು ವರ್ಷ ತಡೀತಾವು? ಮುಗ್ಗಲ ಹಿಡಿದ್ರ ಏನು ಮಾಡ್ತಿ? ಮುಂದಿನ ಸುಗ್ಗಿಯೊಳಗ ಉತ್ತರ ಬೇಕಂತ ಬರಿ. ಲಗೂ ಬರೀಲೇ, ಟಪಾಲ ಗಾಡಿ ಹೋಗೂ ಹೊತ್ತಾತು!"