ಬಲಗಡೆಯ ಸೀಟು

ಕಾರಿನಲ್ಲಿ ಚಾಲಕರ ಪಕ್ಕ ಕುಳಿತವನ ಕಾಲಿಗೆ ಏನೂ ಕೆಲಸವಿಲ್ಲವೆಂದು ನೀವು ನಂಬಿದ್ದರೆ, ಸ್ವಾಮಿ, ನೀವು ಹೆಂಡತಿ ಓಡಿಸುವ ಕಾರಿನಲ್ಲಿ ಕೂತವರಲ್ಲ. ಅದರಲ್ಲೂ ಒಮಾನಿನಲ್ಲಿ ಚಾಲಕರ ಆಸನ ಎಡಕ್ಕೆ. ನಮ್ಮೂರಲ್ಲಾದರೆ ಸ್ಟಿಯರಿಂಗ್ ಇರಬೇಕಾದ ಬಲಬದಿಯಲ್ಲಿ ನಾನು ನಿರಾಯುಧನಾಗಿ ಕುಳಿತು, ಇಲ್ಲದ ಬ್ರೇಕನ್ನು ನೆಲ ಸವೆಯುವಂತೆ ಒತ್ತುತ್ತಿದ್ದೆ.

ತೊಂಬತ್ತರ ದಶಕದಲ್ಲಿ ನಾವು ಸೊಹಾರಿನಲ್ಲಿದ್ದೆವು. ನಾನು ಕಂಪೆನಿ ಬಸ್ಸಿನ ಪರಮಭಕ್ತ. ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ಬಿಡುವ ಲೈಸೆನ್ಸ್ ಪರೀಕ್ಷೆಯಲ್ಲಿ ಡ್ರಮ್ಮುಗಳನ್ನೆಲ್ಲ ಮಾತಾಡಿಸಿ ಬಂದವನು. ನನ್ನಾಕೆ ಶಶಿಕಲಾ ಮಾತ್ರ ಪಾಸು. ಬೆಟ್ಟದಾಚೆಯ ಊರಿನ ಕ್ಲಿನಿಕ್ಕೊಂದರಲ್ಲಿ ಅವಳಿಗೆ ನರ್ಸ್ ಕೆಲಸ ಕಾದಿತ್ತು, ಆದರೆ ದಿನವೂ ಒಬ್ಬಳೇ ಬೆಟ್ಟ ದಾಟಬೇಕು. "ಈ ಶುಕ್ರವಾರ ಒಮ್ಮೆ ಓಡಿಸಿ ನೋಡ್ತೇನೆ. ಆಗ್ಲಿಲ್ಲ ಅಂದ್ರೆ ಕೆಲಸ ಬೇಡ ಅಂತ ಹೇಳಿಬಿಡ್ತೇನೆ" ಎಂದಳು. ಆ ಕೆಲಸ ಅವಳಿಗೆ ಎಷ್ಟು ಬೇಕಿತ್ತೆಂಬುದು ನನಗೆ ಗೊತ್ತಿತ್ತು.

ಹೊರಡುವ ಮೊದಲು ಚಕ್ರದಡಿ ನಿಂಬೆಹಣ್ಣು ಇಡಬೇಕಲ್ಲ! ಮನೆಯಲ್ಲಿದ್ದುದು ಅಲ್ಲಿಯವರು ಅಡುಗೆಗೆ ಹಾಕುವ, ಒಣಗಿ ಕಪ್ಪಾದ ನಿಂಬೆ ಮಾತ್ರ. ಅದನ್ನೇ ಇಟ್ಟೆವು. ರಸದ ಬದಲು ಹಪ್ಪಳ ಮುರಿದ ಸದ್ದು ಬಂತು. ದೇವರೂ ಇಲ್ಲಿಯ ಪದ್ಧತಿಗೆ ಹೊಂದಿಕೊಂಡಿರಬಹುದೆಂದು ಸಮಾಧಾನಪಟ್ಟುಕೊಂಡೆ.

ಖರ್ಜೂರದ ತೋಟಗಳು ಮುಗಿದದ್ದೇ ತಡ, ಎದುರಿನ ದೃಶ್ಯಕ್ಕೆ ನಾನು ಸೀಟಿನಿಂದ ಎದ್ದೇ ಬಿಟ್ಟೆ. ಕೋಟ್ಯಂತರ ವರ್ಷಗಳ ಹಿಂದೆ ಕಡಲಡಿಯ ಜ್ವಾಲಾಮುಖಿ ಕಕ್ಕಿದ ಲಾವಾರಸ, ನೀರು ತಾಗಿದೊಡನೆ ಉಂಡೆಯುಂಡೆಯಾಗಿ ಹೆಪ್ಪುಗಟ್ಟಿ, ಆಮೇಲೆ ಸಮುದ್ರತಳದ ಸಮೇತ ಎದ್ದು ಬೆಟ್ಟವಾಗಿ ನಿಂತಿದೆ! ಗೋಣಿಯಿಂದ ಓಲೆಬೆಲ್ಲ ಸುರಿದಂತೆ ಕರಿಯ ಉಂಡೆಗಳ ರಾಶಿ. ಕಡಲತಡಿಯಲ್ಲಿ ಹುಟ್ಟಿದ ನಾವು ಈಗ ಕಡಲ ತಳದಲ್ಲೇ ಸವಾರಿ ಹೊರಟಿದ್ದೇವೆಂಬ ರೋಮಾಂಚನದಲ್ಲಿ, ಕಂಪೆನಿಯ ಎಂಜಿನಿಯರರಿಂದ ಕಡ ತಂದ ಭೂಗರ್ಭಶಾಸ್ತ್ರವನ್ನೆಲ್ಲ ಉಪನ್ಯಾಸವಾಗಿ ಹರಿಯಬಿಟ್ಟೆ.

"ನಾನು ರಸ್ತೆ ನೋಡ್ಬೇಕಾ, ನಿಮ್ಮ ಬೆಲ್ಲ ನೋಡ್ಬೇಕಾ ಮಾರಾಯ್ರೆ?" ಎಂದಳು ಶಶಿಕಲಾ.

ಏರಿನ ನಟ್ಟನಡುವೆ ಒಂಟೆಯೊಂದು ಅಡ್ಡ ಬಂತು. ಕಾರು ನಿಂತಿತು, ಎಂಜಿನ್ನೂ ನಿಂತಿತು. ಒಂಟೆ ಗಂಭೀರವಾಗಿ ದಾಟಿಹೋದ ಮೇಲೆ ಹೊರಡಲು ನೋಡಿದರೆ ಕಾರು ಹಿಂದಕ್ಕೆ ಜಾರತೊಡಗಿತು. ಹಿಂದಿದ್ದ ಪಿಕಪ್ಪಿನ ಮುದುಕ ತಲೆ ಹೊರಹಾಕಿ "ಯಲ್ಲಾ, ಯಲ್ಲಾ!" ಎಂದು ಅವಸರಪಡಿಸಿದ. ನಾನು "ಕ್ಲಚ್! ಹ್ಯಾಂಡ್‌ಬ್ರೇಕ್! ದೇವರೇ!" ಎಂದು ನೆನಪಿಗೆ ಬಂದ ಬಿಡಿಭಾಗಗಳನ್ನೆಲ್ಲ ಕೂಗಿದೆ. ಅವಳು ತುಟಿ ಕಚ್ಚಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ನಿಗೆ ಜೀವ ಕೊಟ್ಟು, ಮೆಲ್ಲನೆ ಬಿಟ್ಟಳು ನೋಡಿ, ಕಾರು ನೆತ್ತಿ ಮುಟ್ಟುವವರೆಗೆ ನಿಲ್ಲಲೇ ಇಲ್ಲ! ನಾನು ಮಗುವಿನಂತೆ ಚಪ್ಪಾಳೆ ತಟ್ಟಿದೆ.

ನೆತ್ತಿಯಲ್ಲಿ ಕಾರನ್ನು ಬದಿಗೆ ನಿಲ್ಲಿಸಿ, ನೀರು ಕುಡಿದು ಅವಳು ಹೇಳಿದಳು: "ನೀವಿನ್ನು ಹಿಂದೆ ಕೂತ್ಕೊಳ್ಳಿ."

"ಯಾಕೆ, ನಾನೇನು ಮಾಡಿದೆ?"

"ಇನ್ನು ದಿನಾ ಒಬ್ಬಳೇ ಬರ್ಲಿಕ್ಕುಂಟಲ್ಲ. ಪಕ್ಕದ ಸೀಟು ಖಾಲಿ ಇದ್ರೆ ಹೇಗಾಗ್ತದೆ ಅಂತ ನೋಡ್ಬೇಕು."

ಹಿಂದೆ ಹೋಗಿ ಕೂತೆ. ಕೆಲಸ ಅವಳ ಕೈಗೆ ಬಂತೆಂದು ಖುಷಿಯೋ ಖುಷಿ. ಹೇಳುವ ಭೂಗರ್ಭಶಾಸ್ತ್ರ ಇನ್ನೂ ಬಹಳ ಬಾಕಿಯಿತ್ತು, ಹೇಳಲಿಲ್ಲ. ಒಂದಷ್ಟು ದೂರ ಹೋದ ಮೇಲೆ ಶಶಿಕಲಾ ಸಣ್ಣ ದನಿಯಲ್ಲಿ ಏನೋ ಗುನುಗತೊಡಗಿದಳು. ನಮ್ಮ ಮದುವೆಯಾದಂದಿನಿಂದ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಕೆಮ್ಮು ಬಂದರೂ ತಡೆದುಕೊಂಡು ಕೂತೆ. ಹಿಂದೆ ನಾನಿದ್ದೇನೆಂಬುದು ಅವಳಿಗೆ ಮರೆತೇಹೋಗಿತ್ತು.